ದ್ಯಾಮವ್ವನ ಕೈ ಇಟ್ಟ ಜಾಗ

"ನನ್ನ ಕೈಯಾಗ ಯಾರೋ ಬಂದು ಸೇರ್ಕೊಂಡಾರ್ರಿ ಬಾಯಾರ," ಅಂದಳು ಫಕ್ಕೀರವ್ವ.

ಹುಬ್ಬಳ್ಳಿಯ ನಮ್ಮ ಕೃತಕ ಕೈಗಳ ಕೇಂದ್ರಕ್ಕೆ ಬರುವ ದೂರುಗಳು ಸಾಮಾನ್ಯವಾಗಿ ಇಷ್ಟು ರೋಚಕವಾಗಿರುವುದಿಲ್ಲ. ಬೆರಳು ಬಿಗಿಯಿತು, ಚಾರ್ಜು ನಿಲ್ಲುತ್ತಿಲ್ಲ, ಮೊಮ್ಮಗ ಕೈ ಬಿಚ್ಚಿಕೊಂಡು ಹೋಗಿ ಕ್ರಿಕೆಟ್ ಆಡಿದ, ಇಂಥವು. ಕೈಗಳೊಳಗಿನ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ದೆವ್ವ ಬಿಡಿಸುವುದು ಅದರಲ್ಲಿ ಸೇರಿಲ್ಲ.

"ಏನ್ ಮಾಡ್ತದ ಅದು?" ಅಂತ ಕೇಳಿದೆ.

"ಸೋಂಬೇರಿ ಆಗೇತ್ರಿ. ರೊಟ್ಟಿ ಬಡಿ ಅಂದ್ರ ಸವರತೈತಿ. ಪೆಟ್ಟಿನಾಗ ಜೀವಾನ ಇಲ್ಲ. ನಮ್ಮವ್ವ ಹಿಂಗ ಬಡೀತಿದ್ದಿಲ್ರಿ."

ಈ ಮಾತು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಫಕ್ಕೀರವ್ವ ಹಳೇ ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸುವವಳು. ಹಿಟ್ಟಿನ ಗಿರಣಿಯ ಬೆಲ್ಟಿಗೆ ಸೆರಗು ಸಿಕ್ಕಿ, ಅದನ್ನು ಬಿಡಿಸಿಕೊಳ್ಳಲು ಹೋಗಿ ಬಲಗೈ ಕಳೆದುಕೊಂಡಳು. ಆಮೇಲೆ ಅವಳ ಮುದಿತಾಯಿ ದ್ಯಾಮವ್ವ ಮತ್ತೆ ಒಲೆಯ ಮುಂದೆ ಕೂತು ರೊಟ್ಟಿ ಬಡಿದು ಮನೆ ನಡೆಸಿದಳು. ಕೃತಕ ಕೈ ಬಂದಾಗ ನಮ್ಮ ತಂತ್ರಜ್ಞ ದಾವಲಸಾಬ ನದಾಫ ಒಂದು ಒಳ್ಳೆಯ ಕೆಲಸ ಮಾಡಿದ. ಅಳತೆಯ ಕೈಗವಸನ್ನು ಮುದುಕಿಯ ಕೈಗೆ ತೊಡಿಸಿ, ಅವಳು ರೊಟ್ಟಿ ಬಡಿಯುವ ಬಗೆಯನ್ನೆಲ್ಲ ದಾಖಲಿಸಿಕೊಂಡು ಮಗಳ ಹೊಸ ಕೈಗೆ ಕೊಟ್ಟ. ಹೋದ ವರ್ಷ ದ್ಯಾಮವ್ವ ತೀರಿಕೊಂಡಳು. ಅವಳ ಪೆಟ್ಟು ಮಾತ್ರ ದಿನಾ ಬೆಳಗ್ಗೆ ಖಾನಾವಳಿಯಲ್ಲಿ ಕೇಳಿಸುತ್ತಿತ್ತು.

ಈಗ ಅದೂ ಕೇಳಿಸುತ್ತಿಲ್ಲ ಅನ್ನುವುದು ಫಕ್ಕೀರವ್ವನ ದೂರು.

ಅವಳ ಅಡುಗೆಮನೆಗೇ ಹೋಗಿ ನೋಡಿದೆ. ಕುದಿಯುವ ಎಸರು ಹಾಕಿ ನಾದಿದ ಜೋಳದ ಹಿಟ್ಟು ಇನ್ನೂ ಹಬೆಯಾಡುತ್ತಿತ್ತು. ಉಂಡೆ ಮಾಡಿ, ಕೆಳಗೆ ಒಣ ಹಿಟ್ಟು ಉದುರಿಸಿ ಕೂತಳು. ರೊಟ್ಟಿ ಬಡಿಯುವುದು ಎರಡು ಕೈಯ ಕೆಲಸ. ಬಲಗೈ ಬಡಿಯುತ್ತದೆ, ಎಡಗೈ ಅಂಚು ಹಿಡಿದು ತಿರುವುತ್ತದೆ. ಅವಳ ಬಲಗೈ ಮೆಲ್ಲಗೆ, ಬಹಳ ಮೆಲ್ಲಗೆ ಇಳಿಯುತ್ತಿತ್ತು. ಎಡಗೈ ತಿರುವಿ ಮುಗಿಸಿದರೂ ಬಲಗೈ ಇನ್ನೂ ಗಾಳಿಯಲ್ಲೇ ಇರುತ್ತಿತ್ತು. ರೊಟ್ಟಿ ನಡುವೆ ದಪ್ಪವಾಗಿ ಅಂಚಿನಲ್ಲಿ ಹರಿಯಿತು.

"ನಿನ್ನೆ ಒಬ್ರು ಊಟಕ್ಕ ಬಂದವ್ರು, ಇದೇನವಾ, ರೊಟ್ಟಿನೋ ಗಾದಿನೋ ಅಂದ್ರ್ರಿ," ಅಂದಳು. ನಕ್ಕಂತೆ ಮಾಡಿದಳು, ನಗು ಬರಲಿಲ್ಲ. "ಗಿರಾಕಿ ಹೋದ್ರ ಹೋಗ್ಲಿ, ಮತ್ತ ಬರತಾವ. ಬೆಳಿಗ್ಗೆ ಎದ್ದು ಈ ಪೆಟ್ಟು ಕೇಳಿದ್ರ ಅವ್ವ ಇಲ್ಲೇ ಅದಾಳ ಅನಸ್ತಿತ್ತ್ರಿ. ಅದನ್ನ ನನಗ ವಾಪಸ್ ಕೊಡ್ರಿ, ಸಾಕು."

ನೋಡುತ್ತೇನೆ ಎಂದು ಹೇಳಿ ಬಂದೆ. ಎಂಜಿನಿಯರುಗಳು ಹೀಗೆ ಹೇಳಿದರೆ ಏನೂ ಗೊತ್ತಿಲ್ಲ ಎಂದೇ ಅರ್ಥ.

ಉತ್ತರದ ಒಂದು ತುದಿ ಎರಡು ದಿನ ಬಿಟ್ಟು ತುಮಕೂರಿನಿಂದ ಬಂತು. ಫೋನು ಮಾಡಿದವನು ರಂಗಧಾಮ ಎಂಬ ಆಟೋ ಚಾಲಕ. ಅವನದೂ ಬಲಗೈ ಕೃತಕ, ಅಲ್ಲಿಯ ಕೇಂದ್ರದ್ದು. ಸಾಫ್ಟ್‌ವೇರಿನ ದೂರು ಎಂದು ಅವರು ನನ್ನ ನಂಬರು ಕೊಟ್ಟಿದ್ದರು.

"ಮೇಡಂ, ನನ್ ಕೈ ತಾನಾಗೇ ತಟ್ಟುತ್ತೆ," ಅಂದ.

"ಏನನ್ನ ತಟ್ಟತದ?"

"ಮೊದಲು ಮಗೂನ ತಟ್ತಿತ್ತು. ನಾಲ್ಕು ತಿಂಗಳ ಮಗು ಮೇಡಂ. ಬೆನ್ನ ಮೇಲೆ ಕೈ ಇಟ್ರೆ ಸಾಕು, ತಟ್ಟೋಕೆ ಶುರು. ಮೊದಮೊದಲು ಸ್ವಲ್ಪ ಜೋರಿತ್ತು, ನಾನು ತಡೆದೂ ತಡೆದೂ ಮೆತ್ತಗೆ ಮಾಡ್ಕೊಂಡೆ. ಈಗ ಏನ್ ಚೆನ್ನಾಗಿ ಮಲಗುತ್ತೆ ಅಂತೀರಿ! ನಮ್ ಮನೆಯವಳು, ನಿಮ್ಮ ಒರಿಜಿನಲ್ ಕೈಗಿಂತ ಇದೇ ವಾಸಿ ಅಂತಾಳೆ. ಅದಕ್ಕೇ ನಾನೂ ಸುಮ್ನಿದ್ದೆ." ಆಮೇಲೆ ವಿಷಯಕ್ಕೆ ಬಂದ. "ನೆನ್ನೆ ಮಧ್ಯಾಹ್ನ ಬಿಸಿಲಲ್ಲಿ ಆಟೋ ನಿಲ್ಲಿಸಿದ್ದೆ. ಹ್ಯಾಂಡಲ್ ರಬ್ಬರ್ ಕಾದಿತ್ತು. ಸ್ಕೂಲ್ ಮಕ್ಕಳನ್ನ ಕೂರಿಸ್ಕೊಂಡು ಹೊರಟೆ. ಸರ್ಕಲ್ ಹತ್ರ ಕೈ ಹ್ಯಾಂಡಲ್ ಬಿಟ್ಟು ಅದನ್ನೇ ತಟ್ಟೋಕೆ ಶುರು ಮಾಡ್ತು ಮೇಡಂ. ಡಿವೈಡರ್‌ಗೆ ಹತ್ತಿಸ್ಬಿಟ್ಟೆ. ಮಕ್ಕಳಿಗೇನೂ ಆಗ್ಲಿಲ್ಲ. ಆದ್ರೆ ನಂಗೆ ಇನ್ನೂ ನಡುಕ ಹೋಗಿಲ್ಲ."

ಬೆಚ್ಚಗಿನ, ಮೆತ್ತಗಿನ ವಸ್ತು ಅಂಗೈಗೆ ತಾಗಿದರೆ ತಟ್ಟು. ಅದು ರೊಟ್ಟಿಯ ಹದ. ಜಗತ್ತಿನಲ್ಲಿ ಒಂದೇ ಒಂದು ಕೈಗೆ, ಫಕ್ಕೀರವ್ವನ ಕೈಗೆ, ಹೇಳಿಕೊಟ್ಟದ್ದು.

ಈಗ ಲೈಬ್ರರಿಯ ವಿಷಯ ಹೇಳಲೇಬೇಕು. ಇದು ಪುಸ್ತಕದ ಲೈಬ್ರರಿಯಲ್ಲ. ಲೋಟ ಹಿಡಿಯುವುದು, ಬಿಡುವುದು, ಗುಂಡಿ ಹಾಕುವುದು, ಬೀಗ ತಿರುಗಿಸುವುದು, ಇದನ್ನೆಲ್ಲ ಪ್ರತಿ ಕೈಗೂ ಬೇರೆ ಬೇರೆಯಾಗಿ ಕಲಿಸುತ್ತ ಕೂತರೆ ಕೈ ಬಡವರಿಗೆ ಸಿಗುವುದಿಲ್ಲ. ಅದಕ್ಕೇ ವಿದ್ಯೆಯನ್ನೆಲ್ಲ ಒಂದೇ ಕಡೆ ಇಟ್ಟಿದ್ದೇವೆ. ಎಲ್ಲ ಕೈಗಳೂ ಇಂಟರ್‌ನೆಟ್ ಮೂಲಕ ಅಲ್ಲಿಂದಲೇ ಎರವಲು ಪಡೆಯುತ್ತವೆ. ಅದು ಲೈಬ್ರರಿ. ವಿದ್ಯೆ ಒಂದೇ ಆದರೂ ಹದ ಒಂದೇ ಆಗಲಿಕ್ಕಾಗುವುದಿಲ್ಲವಲ್ಲ. ಎಷ್ಟು ಬಿಗಿ, ಎಷ್ಟು ವೇಗ, ಯಾವ ಬೆರಳು ಮುಂದು, ಇದನ್ನು ಬರೆದಿಡುವುದು ಸೆಟ್ಟಿಂಗ್ ಫೈಲು. ಕೈ ಕೆಲಸ ಮಾಡುತ್ತ ಮಾಡುತ್ತ ಏನಾದರೂ ಹೊಸದು ಕಲಿತರೆ ಅದನ್ನೂ ಆ ಫೈಲಿಗೇ ಬರೆಯುತ್ತದೆ. ಇಷ್ಟು ತಿಳಿದರೆ ಸಾಕು. ನನ್ನ ಯಜಮಾನರು ಮದುವೆಯಾದಾಗಿನಿಂದ ಕೇಳುತ್ತಿದ್ದಾರೆ, ಇಷ್ಟೂ ತಿಳಿದುಕೊಂಡಿಲ್ಲ.

ಈ ಫೈಲನ್ನು ಎಲ್ಲಿಡಬೇಕು ಎಂದು ಹಿಂದೊಮ್ಮೆ ಸಮಿತಿಯೇ ಕೂತಿತ್ತು. ಲೈಬ್ರರಿಯ ಪಕ್ಕದಲ್ಲಿ ಎಲ್ಲರಿಗೂ ಸೇರಿದ ಒಂದು ಸಾಮಾನ್ಯ ಕಪಾಟು ಮಾಡಿ ಅಲ್ಲಿಡಬೇಕು ಎಂದು ಅರ್ಧ ಜನ, ಅವರವರ ಕೈಯೊಳಗಿನ ಸ್ವಂತ ಖಾನೆಯಲ್ಲೇ ಇಡಬೇಕು ಎಂದು ಇನ್ನರ್ಧ. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಅನ್ನುತ್ತಾರೆ, ಅಲ್ಲಿ ಹನ್ನೆರಡು ಜನರಿದ್ದರು. ಕೊನೆಗೆ ಎರಡೂ ಇರಲಿ ಎಂದು ತೀರ್ಮಾನವಾಯಿತು. ಕೈ ಮೊದಲು ಸಾಮಾನ್ಯ ಕಪಾಟು ನೋಡಬೇಕು, ಅಲ್ಲಿ ಸಿಗದಿದ್ದರೆ ಮಾತ್ರ ಸ್ವಂತ ಖಾನೆ. ತಲೆಕೆಳಗಾದ ಕ್ರಮ. ಚಹಾ ಆರುತ್ತಿತ್ತು, ಎಲ್ಲರೂ ಒಪ್ಪಿದರು.

ನಿಯಂತ್ರಣ ಕೊಠಡಿಗೆ ಹೋಗಿ ಕಪಾಟು ತೆರೆದು ನೋಡಿದೆ. ಕಂಪನಿಯಿಂದ ಬಂದ ಫೈಲುಗಳ ನಡುವೆ ‘ದ್ಯಾಮವ್ವ’ ಎಂಬ ಹೆಸರಿನದೊಂದು ಕೂತಿತ್ತು. ದಾವಲಸಾಬನನ್ನು ಕರೆದೆ.

"ಹೌದ್ರಿ ಮೇಡಂ, ನಾನ ಇಟ್ಟೇನಿ," ಅಂದ ಅವನು, ಮುಚ್ಚುಮರೆಯಿಲ್ಲದೆ. "ಫಕ್ಕೀರವ್ವನ ಕೈ ಸರ್ವಿಸಿಗೆ ಬಂದಾಗೊಮ್ಮೆ ಒಳಗಿನ ಖಾನೆ ಒರಸಿ ಕೊಡತಾರ್ರಿ. ಒಂದ್ ಸಲ ಹೋಗೇ ಬಿಟ್ಟಿತ್ತು. ಆ ಮುದುಕಿ ಪಾಪ ಮತ್ತ ಬಂದು ಕೈಗವಸ ಹಾಕ್ಕೊಂಡು ರೊಟ್ಟಿ ಬಡದ್ಲು. ಮೂರನೇ ಸಲ ಕರದ್ರ ಬರಾಕ ಆಕಿ ಇರತಾಳ ಅಂತ ಏನ್ ಖಾತ್ರಿ? ಅದಕ್ಕ ಎಲ್ಲಾರದೂ ಇರೋ ಜಾಗಾದಾಗ ಇಟ್ಟೆ. ಹತ್ತು ಮಂದಿ ಕಣ್ಣಿರೂ ಕಡೆ ಕಳವಾಗೂದಿಲ್ಲ ಅಂತಾರಲ್ರಿ."

ನಮ್ಮ ಕೇಂದ್ರದ ರೂಢಿಯೇ ಹಾಗೆ. ಒಬ್ಬ ರೋಗಿಗೆ ಹೊಂದಿದ ಪಟ್ಟಿ, ಸ್ಕ್ರೂ, ಮೆತ್ತೆ ಏನಿದ್ದರೂ ನಡುಮನೆಯ ಕಪಾಟಿನಲ್ಲಿ ಇಡುತ್ತೇವೆ, ನಾಳೆ ಬರುವವರಿಗೆ ಆಗಲಿ ಎಂದು. ನನಗೆ ಆ ರೂಢಿಯ ಬಗ್ಗೆ ಹೆಮ್ಮೆಯೂ ಇತ್ತು. ಮೊದಲು ನಮ್ಮ ಲೈಬ್ರರಿ ನಮ್ಮ ಜಿಲ್ಲೆಗಷ್ಟೇ ಇತ್ತು. ಇಲ್ಲಿಯ ಕೆಲವೇ ಕೈಗಳಲ್ಲಿ ಬಿಸಿ ಹಿಟ್ಟು ಮುಟ್ಟುತ್ತಿದ್ದದ್ದು ಫಕ್ಕೀರವ್ವನದೊಂದೇ, ಹಾಗಾಗಿ ಯಾರಿಗೂ ತಿಳಿಯಲಿಲ್ಲ. ಈ ಯುಗಾದಿಗೆ ಎಲ್ಲ ಜಿಲ್ಲೆಗಳ ಲೈಬ್ರರಿ ಒಂದಾಯಿತು. ಕಪಾಟೂ ಒಂದಾಯಿತು. ದ್ಯಾಮವ್ವನ ಹದ ರಾಜ್ಯದ ಎಲ್ಲ ಕೈಗಳಿಗೂ ಹೋಯಿತು. ಆ ಕೈಗಳು ಕಲಿತದ್ದು ತಿರುಗಿ ಅದೇ ಫೈಲಿಗೆ ಬಂದು ಬಿತ್ತು. ತುಮಕೂರಿನಲ್ಲಿ ಒಬ್ಬ ತಂದೆ ಮಗುವನ್ನು ಮೆತ್ತಗೆ ತಟ್ಟಿದರೆ ಹುಬ್ಬಳ್ಳಿಯಲ್ಲಿ ರೊಟ್ಟಿ ದಪ್ಪವಾಗುತ್ತಿತ್ತು.

"ಊಟದಾಗ ಉಪ್ಪು ಅವರವರ ಎಲಿ ತುದೀಗೆ ಬಡಸ್ತೀವಿ ದಾವಲಸಾಬ್," ಅಂದೆ. "ಕೊಪ್ಪರಿಗಿಗೆ ಸುರೀತೀವೇನು?"

ಅವನು ಸಪ್ಪಗಾದ. "ಮತ್ತ ಈಗ ಹೆಂಗ್ರಿ? ಹಳೇ ಕಾಪಿ ತಗದು ಆಕಿಗೆ ಕೊಟ್ರ ಆತಲ್ರಿ?"

ನಾನೂ ಅದನ್ನೇ ಅಂದುಕೊಂಡಿದ್ದೆ. ಆದರೆ ಹಳೆಯ ಪ್ರತಿ ಇರಲಿಲ್ಲ. ಲೈಬ್ರರಿಯ ಪಕ್ಕದ ಕಪಾಟಿನಲ್ಲಿರುವುದೆಲ್ಲ ಕಂಪನಿಯಿಂದ ಬಂದದ್ದು, ಹೋದರೆ ಮತ್ತೆ ತರಿಸಿಕೊಳ್ಳಬಹುದು ಎಂಬ ಲೆಕ್ಕದಲ್ಲಿ ಅದನ್ನು ಬ್ಯಾಕಪ್ಪಿಗೆ ಸೇರಿಸಿರಲಿಲ್ಲ. ಜನರ ಸ್ವಂತ ಖಾನೆಗಳ ಪ್ರತಿ ಮಾತ್ರ ಹೋದ ವರ್ಷದಿಂದ ಪ್ರತಿದಿನ ತೆಗೆಯುತ್ತಿದ್ದೆವು. ದಾವಲಸಾಬ ಭದ್ರವೆಂದು ಆರಿಸಿದ ಜಾಗ ಇಡೀ ವ್ಯವಸ್ಥೆಯಲ್ಲಿ ಯಾರೂ ಕಾಯದ ಜಾಗ. ಕಪಾಟಿನಲ್ಲಿದ್ದ ಫೈಲಿನಲ್ಲಿ ಈಗ ಸಾವಿರ ಕೈಗಳ ಹದ ಕಲಸಿಹೋಗಿತ್ತು. ಮಜ್ಜಿಗೆಯಿಂದ ನೀರು ಬೇರೆ ಮಾಡಿಕೊಡು ಅಂದರೆ ಯಾರು ಮಾಡಿಕೊಡುತ್ತಾರೆ?

ಆದರೆ ಅದನ್ನು ಅಲ್ಲಿ ಬಿಡುವ ಹಾಗೂ ಇರಲಿಲ್ಲ. ಬಿಸಿಲು ಏರುತ್ತಿತ್ತು. ಎಷ್ಟು ಗಾಡಿಗಳ ಹ್ಯಾಂಡಲ್ಲು ಕಾಯುತ್ತಿದ್ದವೋ.

ನಾನು ಮೊದಲು ಅಳಿಸಿ ಆಮೇಲೆ ಹೇಳಬಹುದಿತ್ತು. ಮನಸ್ಸು ಬರಲಿಲ್ಲ. ರಂಗಧಾಮನಂಥವರಿಗೆಲ್ಲ ವಾಹನ ಮುಟ್ಟಬೇಡಿ ಎಂದು ಸಂದೇಶ ಕಳಿಸಿ, ದಾವಲಸಾಬನನ್ನು ಕರೆದುಕೊಂಡು ಖಾನಾವಳಿಗೆ ಹೋದೆ. ಫಕ್ಕೀರವ್ವ ನಾನು ಹೇಳಿದ್ದನ್ನೆಲ್ಲ ಬದನೆಕಾಯಿ ಹೆಚ್ಚುತ್ತಲೇ ಕೇಳಿಸಿಕೊಂಡಳು. ಕೊನೆಗೆ ಈಳಿಗೆ ಬದಿಗಿಟ್ಟಳು.

"ಅಂದ್ರ, ನಮ್ಮವ್ವಗ ಎರಡನೇ ಸಲ ಮಣ್ಣು ಕೊಡ್ರಿ ಅಂತೀರಿ."

ಹೌದೆಂದು ತಲೆಯಾಡಿಸಿದೆ. ಬೇರೇನು ಹೇಳಿದರೂ ಸುಳ್ಳಾಗುತ್ತಿತ್ತು.

"ನಾ ಒಲ್ಲೆ ಅಂದ್ರ?"

"ಒಲ್ಲೆ ಅಂದ್ರೂ ತಗೀಬೇಕಾಗ್ತದ ಫಕ್ಕೀರವ್ವಾರ. ಆದರ ನಿಮಗ ಹೇಳದ ತಗೀಬಾರದು ಅಂತ ಬಂದೆ."

ದಾವಲಸಾಬ ಬಾಗಿಲ ಹತ್ತಿರವೇ ನಿಂತಿದ್ದ. "ತಪ್ಪು ನಂದವಾ ಯಕ್ಕಾ," ಅಂದ. "ಜ್ವಾಕಿ ಮಾಡಾಕ ಹೋಗಿ ಕಳದೆ."

ಫಕ್ಕೀರವ್ವ ಅವನ ಕಡೆ ನೋಡಲಿಲ್ಲ. ನನ್ನನ್ನೇ ಕೇಳಿದಳು. "ಆ ಆಟೋದಾಗಿನ ಹುಡುಗ್ರು ಎಷ್ಟೆಷ್ಟ್ ದೊಡ್ಡವು ಇದ್ವ್ರಿ?"

"ಒಂದನೇತ್ತಾ, ಎರಡನೇತ್ತಾ ಓದೂವು ಇರಬೇಕು."

"ತಗೀರಿ ಹಂಗಾರ," ಅಂದಳು. "ನಮ್ಮವ್ವ ಇದ್ದಿದ್ರ ಆಕೀನ ಮೊದಲ ಅಂತಿದ್ಲು."

ಕಲಸಿಹೋದ ಫೈಲಿನ ಒಂದು ಪ್ರತಿಯನ್ನು ಅವಳ ಕೈಯ ಸ್ವಂತ ಖಾನೆಗೆ ಹಾಕಿ, ಕಪಾಟಿನದನ್ನು ಅಳಿಸಿದೆ. ಹುಡುಕುವ ಕ್ರಮವನ್ನೂ ತಿರುಗಿಸಿದೆ. ಮೊದಲು ಸ್ವಂತ ಖಾನೆ, ಆಮೇಲೆ ಕಪಾಟು. ಕಪಾಟಿನಿಂದ ಓದಬಹುದು, ಅಲ್ಲಿಗೆ ಯಾರೂ ಬರೆಯುವಂತಿಲ್ಲ. ಸರ್ವಿಸಿನವರು ಖಾನೆ ಒರೆಸಿದ ಮೇಲೆ ಅದರ ಪ್ರತಿಯನ್ನು ತಿರುಗಿ ಹಾಕಿಕೊಡಬೇಕು. ಸಮಿತಿಯನ್ನು ಕೇಳಲಿಲ್ಲ. ಅವರು ಬಂದು ಕೂರುವಷ್ಟರಲ್ಲಿ ಇನ್ನೊಂದು ಆಟೋ ಡಿವೈಡರ್ ಹತ್ತುತ್ತಿತ್ತು.

ಮರುದಿನವೇ ಫಕ್ಕೀರವ್ವ ಬಂದು, ತನ್ನ ಖಾನೆಯಲ್ಲಿಟ್ಟ ಪ್ರತಿಯನ್ನೂ ತೆಗೆಸಿಬಿಟ್ಟಳು. "ಮಂದಿ ಕೈ ತಗೊಂಡು ನಾ ಏನ್ ಮಾಡ್ಲ್ರಿ? ಸುಳ್ಳು ಕೈಕಿಂತ ಬರೇ ಕೈ ಚಲೋ," ಅಂದಳು. ಅಂದಿನಿಂದ ಖಾನಾವಳಿಯಲ್ಲಿ ಹೊರಗಿನಿಂದ ತಂದ ಮಷಿನ್ ರೊಟ್ಟಿ. ನಾನು ಒಂದು ಮಧ್ಯಾಹ್ನ ಊಟಕ್ಕೆ ಹೋಗಿದ್ದೆ. ಅವಳು ಬಡಿಸುತ್ತಿದ್ದಳು, ಎಲ್ಲರನ್ನೂ ಮಾತಾಡಿಸುತ್ತಿದ್ದಳು. ಒಲೆಯ ಕಡೆ ಮಾತ್ರ ಹೋಗುತ್ತಿರಲಿಲ್ಲ. ಯಂತ್ರ ಕೆಟ್ಟರೆ ರಿಪೇರಿ ಮಾಡಬಹುದು, ಇದು ಸರಿಯಾಗಿಯೇ ಇತ್ತು. ಸರಿಮಾಡಿದ್ದು ನಾನೇ.

ರಂಗಧಾಮನ ಫೋನು ಮತ್ತೆ ಬಂತು. ಆಟೋ ಈಗ ತೊಂದರೆಯಿಲ್ಲ, ಮಗು ಮಾತ್ರ ಮಲಗುತ್ತಿಲ್ಲ, ಆ ತಟ್ಟುವುದೊಂದನ್ನು ಮನೆಯ ಮಟ್ಟಿಗಾದರೂ ವಾಪಸು ಹಾಕಿಕೊಡಿ ಎಂದು ಗೋಗರೆದ. ಅದು ಹೋಯಿತಪ್ಪ ಅಂದೆ. ವಾರ ಕಳೆದ ಮೇಲೆ ಅವನೇ ಇನ್ನೊಮ್ಮೆ ಮಾಡಿದ. ನಾನು ಇನ್ನೇನು ಬಯ್ಗುಳವೋ ಎಂದುಕೊಂಡು ಎತ್ತಿದೆ.

"ಬೇಡ ಮೇಡಂ, ಬೇಕಾಗಿಲ್ಲ," ಅಂದ. ಖುಷಿಯಾಗಿದ್ದ. "ನಿನ್ನೆ ಮಗು ರಚ್ಚೆ ಹಿಡಿದಿತ್ತು. ಏನೂ ತೋಚದೆ ಎಡಗೈಲೇ ತಟ್ಟಿದೆ. ಮಲಗಿಬಿಡ್ತು! ಅದೇ ತಾಳ ಮೇಡಂ. ಆ ಕೈ ತಟ್ಟುವಾಗ ಈ ಕೈ ಮಗೂನ ಹಿಡ್ಕೊಂಡಿರ್ತಿತ್ತಲ್ಲ, ಅದಕ್ಕೆ ಗೊತ್ತಾಗಿಹೋಗಿದೆ. ನಾನೇನೂ ಕಲಿಸ್ಲಿಲ್ಲ."

ಅವನ ಮಾತು ಮುಗಿಯುವ ಮೊದಲೇ ನಾನು ಎದ್ದು ನಿಂತಿದ್ದೆ. ಎರಡು ವರ್ಷ ದ್ಯಾಮವ್ವನ ಪೆಟ್ಟಿಗೆ ಸರಿಯಾಗಿ ರೊಟ್ಟಿ ತಿರುವಿದ ಕೈಯೊಂದಿದೆ. ಅದಕ್ಕೆ ಲೈಬ್ರರಿಯಿಲ್ಲ, ಕಪಾಟಿಲ್ಲ, ಅದನ್ನು ಯಾರೂ ಒರೆಸಲಾರರು. ನಾನು ರಾಜ್ಯದ ಕಂಪ್ಯೂಟರುಗಳನ್ನೆಲ್ಲ ಜಾಲಾಡಿದ್ದೆ, ಫಕ್ಕೀರವ್ವನ ಎಡಗೈ ಕಡೆ ನೋಡಿರಲಿಲ್ಲ.

ಕೈಗವಸು ತೆಗೆದುಕೊಂಡು ನಾನೂ ದಾವಲಸಾಬನೂ ಖಾನಾವಳಿಗೆ ಹೋದೆವು. ಫಕ್ಕೀರವ್ವ ಮೊದಲು ಒಪ್ಪಲಿಲ್ಲ. "ಆಸೆ ತೋರಸ್ಬ್ಯಾಡ್ರಿ ಬಾಯಾರ," ಅಂದಳು. ದಾವಲಸಾಬ ತಾನೇ ಒಲೆ ಹೊತ್ತಿಸಿ ಎಸರಿಗಿಟ್ಟ. ನೀರು ಕುದಿಯುವ ಸದ್ದು ಕೇಳಿದ ಮೇಲೆ ಅವಳು ಬಂದು ಕೂತಳು. ಅದು ಹಠ ಬಿಟ್ಟದ್ದೋ, ಇವನ ಕೈಗೆ ಹಿಟ್ಟು ಕೊಟ್ಟರೆ ಕೆಡಿಸುತ್ತಾನೆಂಬ ಭಯವೋ ನನಗೆ ಗೊತ್ತಾಗಲಿಲ್ಲ.

ಕೈಗವಸನ್ನು ಎಡಗೈಗೆ ತೊಡಿಸಿದೆವು. ಉಪಾಯ ಸರಳವಾಗಿತ್ತು. ಎಡಗೈ ಎಲ್ಲಿ ತಡೆಯುತ್ತದೋ ಅಲ್ಲಿ ಬಲಗೈಯ ಪೆಟ್ಟು ಬೀಳಬೇಕು. ಅಂಚು ದಪ್ಪವೆನಿಸಿದರೆ ಎಡಗೈ ಕಡಿಮೆ ತಿರುವುತ್ತದೆ, ಅಲ್ಲಿ ಪೆಟ್ಟು ಬಿರುಸಾಗಬೇಕು. ತೆಳುವಾದರೆ ಬೇಗ ಸರಿಯುತ್ತದೆ, ಅಲ್ಲಿ ಹಗುರ. ಎಡಗೈ ಹೇಳಲಿ, ಬಲಗೈ ಕಲಿಯಲಿ. ಕಲಿತದ್ದನ್ನು ತನ್ನ ಖಾನೆಯಲ್ಲಿ ತಾನೇ ಬರೆದುಕೊಳ್ಳಲಿ.

ಮೊದಲ ರೊಟ್ಟಿ ಹರಿಯಿತು. ಆಮೇಲಿನದೂ ಹರಿಯಿತು. ಅವಳು ಹಿಟ್ಟನ್ನು ಮತ್ತೆ ಉಂಡೆ ಮಾಡಿದಳು, ಮತ್ತೆ ಬಡಿದಳು. "ತಿರುವೂದು ನೀವು ಯೋಚನೆ ಮಾಡಬ್ಯಾಡ್ರಿ," ಅಂದೆ. "ನಾ ಎಲ್ಲಿ ಮಾಡಾಕತ್ತೇನ್ರಿ, ಅದರ ಪಾಡಿಗೆ ಅದು ತಿರುವಾಕತ್ತೈತಿ," ಅಂದಳು. ನಿಧಾನಕ್ಕೆ ಎರಡು ಕೈಗಳ ನಡುವಿನ ಜಗಳ ಕಡಿಮೆಯಾಯಿತು. ಪೆಟ್ಟು ಒಂದರ ಹಿಂದೊಂದು ಬೀಳತೊಡಗಿತು, ಚಟಚಟ, ಚುರುಕಾಗಿ. ರೊಟ್ಟಿ ಅಂಗೈಯಡಿಯಲ್ಲಿ ಅಗಲವಾಗುತ್ತ ಹೋಯಿತು. ಊಟದ ಕೋಣೆಯಲ್ಲಿದ್ದವರು ಮಾತು ನಿಲ್ಲಿಸಿ ಇತ್ತ ನೋಡಿದರು.

ಅವಳು ಅದನ್ನು ಎತ್ತಿ ಹಂಚಿಗೆ ಹಾಕಿದಳು, ಮೇಲೆ ನೀರು ಸವರಿದಳು, ತಿರುವಿದಳು. ಉಬ್ಬಿತು. ದಾವಲಸಾಬ ಕಣ್ಣು ಮುಚ್ಚಿಕೊಂಡು ಏನೋ ಅಂದುಕೊಳ್ಳುತ್ತಿದ್ದ. ಫಕ್ಕೀರವ್ವ ಇನ್ನೊಂದು ಉಂಡೆ ಬಡಿದು ಹಂಚಿನ ಮೇಲೆ ಹಾಕಿ, ಮೊದಲಿನದನ್ನು ಮುರಿದು ಬಾಯಿಗಿಟ್ಟಳು. ಬಹಳ ಹೊತ್ತು ಅಗಿದಳು.

"ಇದು ಅವ್ವಂದಲ್ರಿ," ಅಂದಳು.

ನಾನು ಇನ್ನೊಂದು ಉಂಡೆ ಅವಳ ಮುಂದೆ ಸರಿಸಿದೆ. "ಇನ್ನೊಂದ್ ಸಲ ನೋಡೂಣು, ಇನ್ನೂ ಕಲೀತದ..."

"ಅಲ್ರಿ ಬಾಯಾರ. ಅವ್ವ ನಡುವ ಬಡದು ಅಂಚಿಗೆ ಬರತಿದ್ಲು. ಇದು ಅಂಚಿನಿಂದ ನಡುವ ಬರಾಕತ್ತೈತಿ. ಹಿಂಗ ಬಡೀತೀ ಅಂತ ಅವ್ವ ನನಗ ದಿನಾ ಬೈತಿದ್ಲು." ತನ್ನ ಬಲಗೈಯನ್ನು ತಿರುಗಿಸಿ ಅಂಗೈ ನೋಡಿಕೊಂಡಳು, ಅದಕ್ಕೆ ಹತ್ತಿದ್ದ ಹಿಟ್ಟು ನೋಡಿಕೊಂಡಳು. "ಅವ್ವನ ಕೈ ಹೋತ್ರಿ. ಈ ಎಡಗೈ ಅದಕೂ ಹಿಂದಿನದನ್ನ ನೆನಪಿಟ್ಟೈತಿ. ಇದು ಗಿರಣ್ಯಾಗ ಹೋತಲ್ಲ, ನನ್ನ ಕೈ, ಅದು."

ಅವಳು ಎಡಗೈಯಿಂದ ಆ ಬಲಗೈಯನ್ನು ಮಡಿಲಿಗೆ ಎಳೆದುಕೊಂಡು ಅಳತೊಡಗಿದಳು. ತಾಯಿಗಾಗಿ ಅಳುತ್ತಿದ್ದಳೋ, ಕೈ ಸಿಕ್ಕಿತೆಂದು ಅಳುತ್ತಿದ್ದಳೋ, ನಾನು ಕೇಳಲಿಲ್ಲ. ನನಗೂ ಅಳು ಬಂತು. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು, ದಾವಲಸಾಬ ಅದನ್ನು ತಿರುವಿ ಹಾಕಿದ.